ಅಂಗೈಯಗಲ ನಾಡಿನಲ್ಲಿ ಊರಿಗೊಂದು ತಂಡ

ಮಾಲ್ಟಾ ದ್ವೀಪದ ಒಳನಾಡಿನಲ್ಲಿ, ಗುಡ್ಡದ ನೆತ್ತಿಯ ಮೇಲೆ, ಇಮ್ದೀನಾ ಎಂಬ ಹಳೆಯ ಕೋಟೆಯೂರು ಇದೆ. ಅರಬ್ಬರ ಕಾಲದಿಂದ ಉಳಿದುಬಂದ ಹೆಸರು ಅದು. ‘ಮದೀನಾ’ ಎಂದರೆ ನಗರ. ಅಲ್ಲಿನ ಕೋಟೆಗೋಡೆಯ ಮೇಲೆ ನಿಂತ ಪ್ರವಾಸಿಗೆ ಒಂದು ದೇಶದ ಬಹುಪಾಲು ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ಎಡಕ್ಕೆ ಮೋಸ್ಟಾ ಊರಿನ ಚರ್ಚಿನ ದೊಡ್ಡ ಗುಮ್ಮಟ, ದೂರದಲ್ಲಿ ರಾಜಧಾನಿ ವಲೆಟ್ಟಾ, ಅದರಾಚೆ ಮೆಡಿಟರೇನಿಯನ್ ಸಮುದ್ರದ ನೀಲಿ ಗೆರೆ. ನಡುವೆ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು, ಕಲ್ಲು ಪೇರಿಸಿದ ಬೇಲಿಯ ಚಿಕ್ಕ ಚಿಕ್ಕ ಹೊಲಗಳು. ಗುಡ್ಡದ ಬುಡದಲ್ಲೇ ಬಯಲೊಂದಿದೆ, ಅಲ್ಲಿ ಎತ್ತರದ ದೀಪದ ಕಂಬಗಳ ನಡುವೆ ಒಂದು ಹಸಿರು ಅಂಗಳ. ಅದೇ ತಾ ಆಲಿ ರಾಷ್ಟ್ರೀಯ ಕ್ರೀಡಾಂಗಣ.

ಮೇ ತಿಂಗಳು ಬಂತೆಂದರೆ ಈ ದ್ವೀಪದ ಜನರ ಕಣ್ಣು ಆ ಅಂಗಳದ ಮೇಲಿರುತ್ತದೆ. ವರ್ಷದ ಫುಟ್‌ಬಾಲ್ ಮುಗಿಯುತ್ತ ಬರುವ ಹೊತ್ತು ಅದು. ಮಾಲ್ಟಾ ಫುಟ್‌ಬಾಲ್ ಸಂಸ್ಥೆ ನಡೆಸುವ ಎಫ್‌.ಎ. ಟ್ರೋಫಿಯ ಅಂತಿಮ ಪಂದ್ಯ ಇಲ್ಲಿಯೇ ನಡೆಯುವುದು ವಾಡಿಕೆ.

ಮಾಲ್ಟಾ ಎಷ್ಟು ದೊಡ್ಡದು? ಗೋಝೊ, ಕೊಮಿನೋ ಎಂಬ ಪುಟ್ಟ ದ್ವೀಪಗಳನ್ನೂ ಸೇರಿಸಿಕೊಂಡರೆ ಒಟ್ಟು ವಿಸ್ತೀರ್ಣ ಸುಮಾರು 316 ಚದರ ಕಿಲೋಮೀಟರು. ಬೆಂಗಳೂರು ನಗರ ಇಂದು ಹರಡಿಕೊಂಡಿರುವ ನೆಲದ ಅರ್ಧಕ್ಕೂ ಕಡಿಮೆ. ಮುಖ್ಯ ದ್ವೀಪದ ಉದ್ದ 27 ಕಿಲೋಮೀಟರು, ಅಗಲ ಹದಿನಾಲ್ಕೂವರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಗಟ್ಟಿಗ ಸಂಜೆಯೊಳಗೆ ಈ ತುದಿಯಿಂದ ಆ ತುದಿಗೆ ನಡೆದು ತಲುಪಬಹುದು. ಆದರೆ ಇಷ್ಟು ನೆಲದಲ್ಲಿ 68 ಸ್ಥಳೀಯ ಆಡಳಿತ ಮಂಡಳಿಗಳಿವೆ. ಪ್ರತಿ ಊರಿಗೂ ತನ್ನ ಚರ್ಚು, ತನ್ನ ಸಂತ, ಸಂತನ ಹೆಸರಿನಲ್ಲಿ ವರ್ಷಕ್ಕೊಮ್ಮೆ ‘ಫೆಸ್ಟಾ’. ನಮ್ಮ ಊರ ಜಾತ್ರೆಯನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬೀದಿಗೆ ತೋರಣ, ಸಂತನ ಮೂರ್ತಿಯ ಮೆರವಣಿಗೆ, ಬ್ಯಾಂಡ್ ವಾದ್ಯ, ಬಾಣಬಿರುಸು, ಪಕ್ಕದ ಊರಿಗಿಂತ ನಮ್ಮದೇ ಜೋರು ಎಂಬ ಹಮ್ಮು. ಎಷ್ಟೋ ಊರುಗಳಲ್ಲಿ ಬ್ಯಾಂಡ್ ಸಂಘಗಳು ಎರಡೆರಡಿದ್ದು, ಅವುಗಳ ನಡುವಿನ ಪೈಪೋಟಿ ತಲೆಮಾರುಗಳಿಂದ ನಡೆದುಬಂದಿದೆ.

ಚರ್ಚು ಮತ್ತು ಬ್ಯಾಂಡಿನ ಜೊತೆಗೆ ಊರಿಗೆ ಬೇಕಾದ ಮೂರನೆಯ ವಸ್ತು ಫುಟ್‌ಬಾಲ್ ತಂಡ.

ದಂಡಿನವರು ತಂದ ಆಟ

ಈ ಆಟ ಮಾಲ್ಟಾಕ್ಕೆ ಬಂದದ್ದು ಬ್ರಿಟಿಷ್ ದಂಡಿನವರ ಜೊತೆಗೆ. ದ್ವೀಪ ಆಗ ಅವರ ನೌಕಾನೆಲೆ. ಸೈನಿಕರು ಬಿಡುವಿನಲ್ಲಿ ಕವಾಯತು ಮೈದಾನದಲ್ಲಿ ಚೆಂಡು ಒದೆಯುತ್ತಿದ್ದರೆ ಊರ ಹುಡುಗರು ಅಂಚಿನಲ್ಲಿ ನಿಂತು ನೋಡುತ್ತಿದ್ದರು. ನೋಡಿದವರು ಕಲಿತರು, ಕಲಿತವರು ತಂಡ ಕಟ್ಟಿದರು. ಬಂದರಿನ ಪಕ್ಕದ ಕೊಸ್ಪಿಕುವಾದಲ್ಲಿ ಸೇಂಟ್ ಜಾರ್ಜಸ್ ತಂಡ 1890ರಲ್ಲಿ ಹುಟ್ಟಿತು. ವಲೆಟ್ಟಾದ ಕೋಟೆಬಾಗಿಲಿನ ಹೊರಗಿರುವ ಫ್ಲೋರಿಯಾನಾದಲ್ಲಿ 1894ರಲ್ಲಿ ಇನ್ನೊಂದು. ಫ್ಲೋರಿಯಾನಾದವರ ಅಂಗಿ ಹಸಿರು–ಬಿಳಿ. ಆ ಬಣ್ಣ ಅಲ್ಲಿ ಬೀಡುಬಿಟ್ಟಿದ್ದ ಐರಿಷ್ ಪಡೆಯೊಂದರಿಂದ ಬಂದದ್ದೆಂದು ಊರವರು ಹೇಳುತ್ತಾರೆ. ‘ಐರಿಷ್‌ನವರು’ ಎಂಬ ಅಡ್ಡಹೆಸರು ಆ ತಂಡಕ್ಕೆ ಈಗಲೂ ಉಂಟು. ಮಾಲ್ಟಾ ಫುಟ್‌ಬಾಲ್ ಸಂಸ್ಥೆ 1900ರಲ್ಲಿ ಸ್ಥಾಪನೆಯಾಯಿತು. 1909–10ರಲ್ಲಿ ಲೀಗ್ ಆರಂಭವಾದಾಗ ಮೊದಲ ಚಾಂಪಿಯನ್ ಆದದ್ದೂ ಫ್ಲೋರಿಯಾನಾವೇ.

ತಂಡಗಳ ಹೆಸರುಗಳನ್ನು ಕೇಳಿದರೆ ಹೊಸಬರಿಗೆ ನಗು ಬರಬಹುದು. ಸ್ಲೀಮಾ ವಾಂಡರರ್ಸ್, ಹಮ್ರೂನ್ ಸ್ಪಾರ್ಟನ್ಸ್, ರಬಾತ್ ಏಜಾಕ್ಸ್, ಪಿಯೆಟಾ ಹಾಟ್‌ಸ್ಪರ್ಸ್, ಪಾವ್ಲಾ ಊರಿನ ಹೈಬರ್ನಿಯನ್ಸ್. ಒಂದು ಕಡೆ ಊರ ಹೆಸರು, ಇನ್ನೊಂದು ಕಡೆ ಇಂಗ್ಲಿಷ್ ಬಾಲ. ಈ ದ್ವೀಪದ ಇತಿಹಾಸವನ್ನೇ ಒಂದು ಅಂಗಿಯ ಬೆನ್ನ ಮೇಲೆ ಬರೆದಂತಿದೆ. ಮಾಲ್ಟಾದ ಭಾಷೆಯೂ ಹೀಗೆಯೇ. ಬೇರು ಅರಬ್ಬಿಯದು, ಲಿಪಿ ರೋಮನ್, ಪದಕೋಶದಲ್ಲಿ ಇಟಲಿಯ ಸಾಲ ಧಾರಾಳ.

ಒಂದೇ ಪ್ರಶ್ನೆಯ ಪರೀಕ್ಷೆ

ಎಫ್‌.ಎ. ಟ್ರೋಫಿ ಶುರುವಾದದ್ದು 1934–35ರ ಋತುವಿನಲ್ಲಿ. ಲೀಗ್ ಮತ್ತು ಕಪ್‌ಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಸುಲಭವಾಗಿ ಹೇಳಬಹುದು. ಲೀಗ್ ಎಂದರೆ ವರ್ಷವಿಡೀ ನಡೆಯುವ ಕಿರುಪರೀಕ್ಷೆಗಳ ಹಾಗೆ. ಒಂದರಲ್ಲಿ ಎಡವಿದರೂ ಮುಂದಿನದರಲ್ಲಿ ಸರಿಮಾಡಿಕೊಳ್ಳಬಹುದು. ಕೊನೆಗೆ ಒಟ್ಟು ಅಂಕವೇ ಲೆಕ್ಕ. ಕಪ್ ಎಂದರೆ ಒಂದೇ ಪ್ರಶ್ನೆಯ ಪರೀಕ್ಷೆ. ಚೀಟಿ ಎತ್ತಿ ಎದುರಾಳಿಯನ್ನು ಗೊತ್ತುಮಾಡುತ್ತಾರೆ, ಸೋತವರು ಅಂದೇ ಮನೆಗೆ. ಲೀಗಿನಲ್ಲಿ ಹಣವಿರುವ, ಆಟಗಾರರ ಸಾಲು ಉದ್ದವಿರುವ ತಂಡ ಗೆಲ್ಲುವುದು ಸಹಜ. ಕಪ್‌ನಲ್ಲಿ ಮಾತ್ರ ಕೆಳಗಿನ ದರ್ಜೆಯ ಹಳ್ಳಿ ತಂಡಕ್ಕೂ ತೊಂಬತ್ತು ನಿಮಿಷದ ಮಟ್ಟಿಗೆ ರಾಜಧಾನಿಯ ಎದುರು ಸರಿಸಮನಾಗಿ ನಿಲ್ಲುವ ಹಕ್ಕು ಸಿಗುತ್ತದೆ. ಗೋಝೊ ದ್ವೀಪಕ್ಕೆ ತನ್ನದೇ ಲೀಗ್ ಇದೆ. ಆದರೂ ಅಲ್ಲಿನ ತಂಡಗಳು ಈಚಿನ ವರ್ಷಗಳಲ್ಲಿ ಈ ಕಪ್‌ಗಾಗಿ ದೋಣಿ ಹತ್ತಿ ಬರುತ್ತವೆ.

ಹಕ್ಕು ಸಿಕ್ಕ ಮಾತ್ರಕ್ಕೆ ಗೆಲುವು ಸಿಗುವುದಿಲ್ಲ ಎಂಬುದಕ್ಕೂ ಈ ಕಪ್‌ನ ಇತಿಹಾಸವೇ ಸಾಕ್ಷಿ. ಮೊದಲ ವರ್ಷ ಗೆದ್ದವರು ಸ್ಲೀಮಾ. ವಲೆಟ್ಟಾದಿಂದ ಕಿರುಬಂದರನ್ನು ದಾಟಿದರೆ ಎದುರು ದಡದಲ್ಲೇ ಸ್ಲೀಮಾ ಊರು. ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ. ನಂತರ ಫ್ಲೋರಿಯಾನಾದ ಸರದಿ. 1935ರಿಂದ 1959ರವರೆಗೆ ಒಟ್ಟು 21 ಸಲ ಕಪ್ ನಡೆಯಿತು. ಹತ್ತು ಸಲ ಸ್ಲೀಮಾ, ಹತ್ತು ಸಲ ಫ್ಲೋರಿಯಾನಾ. ನಡುವೆ 1939ರಲ್ಲಿ ಒಂದೇ ಒಂದು ಸಲ ಮೆಲಿಟಾ ಎಂಬ ತಂಡ ಈ ಜೋಡಿಯ ಕೈಯಿಂದ ಕಪ್ ಕಿತ್ತುಕೊಂಡಿತ್ತು. ಎರಡು ಊರುಗಳ ನಡುವೆ ಇಪ್ಪತ್ತೈದು ವರ್ಷ ನಡೆದ ಈ ತಕ್ಕಡಿಯಾಟವನ್ನು ಮುರಿಯಲು ವಲೆಟ್ಟಾ ತಂಡ 1960ರವರೆಗೆ ಕಾಯಬೇಕಾಯಿತು.

ಇಪ್ಪತ್ತೈದು ವರ್ಷದಲ್ಲಿ ಇಪ್ಪತ್ತೊಂದೇ ಪಂದ್ಯಾವಳಿ ಏಕೆ ಎಂದು ಲೆಕ್ಕದಲ್ಲಿ ಚುರುಕಾದ ಮಕ್ಕಳು ಕೇಳುತ್ತಾರೆ. 1940ರ ಜೂನ್ 11ರಂದು ಮಾಲ್ಟಾದ ಮೇಲೆ ಇಟಲಿಯ ವಿಮಾನಗಳು ಮೊದಲ ಬಾಂಬು ಹಾಕಿದವು. ಮುಂದಿನ ಎರಡೂವರೆ ವರ್ಷ ದ್ವೀಪದ ಜನ ಸುಣ್ಣಕಲ್ಲಿನಲ್ಲಿ ಕೊರೆದ ಬಿಲಗಳಲ್ಲಿ, ಅರೆಹೊಟ್ಟೆಯಲ್ಲಿ ಕಾಲ ಕಳೆದರು. 1942ರ ಏಪ್ರಿಲ್‌ನಲ್ಲಿ ಬಾಂಬೊಂದು ಮೋಸ್ಟಾ ಚರ್ಚಿನ ಗುಮ್ಮಟವನ್ನು ತೂತುಮಾಡಿಕೊಂಡು ಪ್ರಾರ್ಥನೆಗೆ ನೆರೆದ ಜನರ ನಡುವೆ ಬಿದ್ದೂ ಸಿಡಿಯದೆ ಉಳಿಯಿತು. ಅದೇ ತಿಂಗಳು ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ‘ಜಾರ್ಜ್ ಕ್ರಾಸ್’ ಶೌರ್ಯಪದಕ ನೀಡಿದ. ಇಂದು ಕಪ್‌ನ ಫೈನಲ್ ನಡೆಯುವ ತಾ ಆಲಿ ಬಯಲು ಆಗ ಯುದ್ಧವಿಮಾನಗಳ ನಿಲ್ದಾಣ. ಹೀಗಾಗಿ 1941ರಿಂದ 1944ರವರೆಗಿನ ನಾಲ್ಕು ಮೇ ತಿಂಗಳುಗಳು ಕಪ್ ಇಲ್ಲದೆ ಕಳೆದವು. 1945ರಲ್ಲಿ ಮತ್ತೆ ಶುರುವಾದಾಗ ಗೆದ್ದವರು ಫ್ಲೋರಿಯಾನಾ.

ಹುಲ್ಲಿಲ್ಲದ ಅಂಗಳ, ಪಾದ್ರಿ ತರಬೇತುದಾರ

ತಾ ಆಲಿಗೂ ಮೊದಲು ಮಾಲ್ಟಾ ಫುಟ್‌ಬಾಲಿನ ಮನೆ ಗ್ಝೀರಾದ ಎಂಪೈರ್ ಕ್ರೀಡಾಂಗಣ. 1922ರಲ್ಲಿ ತೆರೆದ ಆ ಅಂಗಳದಲ್ಲಿ ಹುಲ್ಲಿನ ಎಸಳೂ ಇರಲಿಲ್ಲ. ಗಟ್ಟಿನೆಲ, ಮೇಲೆ ಮರಳು. ಜಾರಿಬಿದ್ದವನ ಮೊಣಕಾಲು ಕಿತ್ತೇ ಹೋಗುತ್ತಿತ್ತು. ಹುಲ್ಲುಹಾಸಿಗೆ ಒಗ್ಗಿದ ಯೂರೋಪಿನ ದೊಡ್ಡ ತಂಡಗಳು ಇಲ್ಲಿಗೆ ಬಂದು ತಡವರಿಸುತ್ತಿದ್ದುದು ಸಹಜವೇ. 1971ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ತಂಡ ಇಲ್ಲಿ ಆಡಿ ಗೆದ್ದದ್ದು ಒಂದೇ ಗೋಲಿನಿಂದ.

ಅದಕ್ಕೂ ದೊಡ್ಡ ಕತೆ 1967ರದು. ಯೂರೋಪಿಯನ್ ಕಪ್‌ನಲ್ಲಿ ಪಾವ್ಲಾದ ಹೈಬರ್ನಿಯನ್ಸ್‌ಗೆ ಎದುರಾದದ್ದು ಮ್ಯಾಂಚೆಸ್ಟರ್ ಯುನೈಟೆಡ್. ಅವರ ನೆಲದಲ್ಲಿ ನಡೆದ ಮೊದಲ ಪಂದ್ಯದಲ್ಲಿ 4–0 ಸೋಲು. ಸೆಪ್ಟೆಂಬರ್ 27ರಂದು ಗ್ಝೀರಾದ ಮರಳಿನಂಗಳದಲ್ಲಿ ಎರಡನೆಯ ಪಂದ್ಯ. ಮುಗಿದಾಗ ಫಲಿತಾಂಶ 0–0. ಆ ವರ್ಷ ಯೂರೋಪಿನ ಚಾಂಪಿಯನ್ ಆದದ್ದು ಅದೇ ಮ್ಯಾಂಚೆಸ್ಟರ್ ತಂಡ ಎಂಬುದನ್ನು ನೆನೆದರೆ ಆ ಸೊನ್ನೆಯ ಬೆಲೆ ತಿಳಿಯುತ್ತದೆ. ಅಂದು ಹೈಬರ್ನಿಯನ್ಸ್‌ನ ತರಬೇತುದಾರರಾಗಿದ್ದವರು ಅಗಸ್ಟೀನಿಯನ್ ಪಂಥದ ಪಾದ್ರಿ, ಫಾದರ್ ಹಿಲರಿ ತಾಲ್ಯಫೆರೋ. ಚರ್ಚು ಮತ್ತು ಚೆಂಡು ಒಂದೇ ಅಂಗಳದಲ್ಲಿ ಬೆಳೆದ ನಾಡಿನಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಈ ಕತೆಗೆ ಒಂದು ಬಾಲವೂ ಇದೆ. 2007ರ ಸೆಪ್ಟೆಂಬರ್ 26ರಂದು, ಅಂದರೆ ನಲವತ್ತು ವರ್ಷಕ್ಕೆ ಒಂದೇ ದಿನ ಕಡಿಮೆ ಇರುವಾಗ, ಇಂಗ್ಲೆಂಡಿನ ಕೋವೆಂಟ್ರಿ ಸಿಟಿ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅವರದೇ ನೆಲದಲ್ಲಿ 2–0ರಿಂದ ಸೋಲಿಸಿತು. ಎರಡೂ ಗೋಲು ಹೊಡೆದವನು ಮೈಕೆಲ್ ಮಿಫ್ಸೂದ್. ಸ್ಲೀಮಾ ವಾಂಡರರ್ಸ್‌ನಿಂದ ಹೊರಟು ಜರ್ಮನಿ, ನಾರ್ವೆಗಳಲ್ಲಿ ಆಡಿ ಅಲ್ಲಿಗೆ ಸೇರಿದ್ದ ಮಾಲ್ಟಾದ ಹುಡುಗ.

ಚಿಕ್ಕ ಊರುಗಳ ಸರದಿ

ದೊಡ್ಡವರ ಪಟ್ಟಿಯ ನಡುವೆ ಅಲ್ಲಲ್ಲಿ ಚಿಕ್ಕ ಊರುಗಳೂ ತಲೆ ಎತ್ತಿವೆ. ಎಂಪೈರ್ ಕ್ರೀಡಾಂಗಣ ಇದ್ದ ಗ್ಝೀರಾ, ದಶಕಗಟ್ಟಲೆ ಇತರರ ವಿಜಯೋತ್ಸವವನ್ನು ತನ್ನ ಬೀದಿಯಲ್ಲಿ ನೋಡಿ ನೋಡಿ, ಕಡೆಗೆ 1973ರಲ್ಲಿ ತಾನೇ ಕಪ್ ಗೆದ್ದಿತು. 1985ರಲ್ಲಿ ದಕ್ಷಿಣದ ತುದಿಯ ಝುರ್ರೀಕ್ ಗೆದ್ದಿತು. ಈ ಹೆಸರಿನ ಕೊನೆಯ ಅಕ್ಷರವನ್ನು ಮಾಲ್ಟಾದವರು ಉಚ್ಚರಿಸುವುದಿಲ್ಲ. ಗಂಟಲಲ್ಲಿ ಉಸಿರನ್ನು ಥಟ್ಟನೆ ತಡೆದುಬಿಡುತ್ತಾರೆ. ಬೆಸ್ತರ ದೋಣಿಗಳೂ ಕಡಲಗುಹೆಗಳೂ ಇರುವ ಆ ಊರಿನ ತಂಡ 1986ರಲ್ಲಿ ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯಲ್ಲಿ ವೇಲ್ಸಿನ ರೆಕ್ಸ್‌ಹ್ಯಾಮ್ ಎದುರು ಆಡಿತು. ಎರಡೂ ಪಂದ್ಯದಲ್ಲಿ ಸೋಲು, ಒಂದರಲ್ಲಿ ಮೂರು ಗೋಲು, ಇನ್ನೊಂದರಲ್ಲಿ ನಾಲ್ಕು. ಆದರೇನು? ಹಳ್ಳಿಯ ಹೆಸರು ಯೂರೋಪಿನ ಪತ್ರಿಕೆಗಳ ಫಲಿತಾಂಶದ ಕಾಲಂನಲ್ಲಿ ಅಚ್ಚಾಯಿತು. ದೇಶದೊಳಗಿನ ಒಂದು ಕಪ್ ಗೆದ್ದ ಊರಿಗೆ ಹೊರಲೋಕದ ಬಾಗಿಲು ಹೀಗೆ ತೆರೆಯುತ್ತದೆ.

ಇಂಥ ಊರುಗಳ ಸಾಲಿನಲ್ಲಿ ತೀರ ಈಚಿನದು ಬಾಲ್ಜಾನ್. ದ್ವೀಪದ ನಡುಭಾಗದಲ್ಲಿ ಅಟ್ಟಾರ್ಡ್, ಬಾಲ್ಜಾನ್, ಲಿಯಾ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಇಕ್ಕಟ್ಟಾದ ಓಣಿಗಳು, ಗೋಡೆಯಾಚೆ ಕಿತ್ತಳೆ ಗಿಡಗಳು, ಮೂಲೆಯಲ್ಲಿ ಸಂತರ ಗೂಡು. ಬಾಲ್ಜಾನ್‌ನ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಜನಸಂಖ್ಯೆ ಐದು ಸಾವಿರದ ಆಸುಪಾಸು. ನಮ್ಮಲ್ಲಾದರೆ ಒಂದು ಹೋಬಳಿ ಕೇಂದ್ರದಷ್ಟು ಜನ. ಅಲ್ಲಿನ ತಂಡ 1937ರಲ್ಲಿ ‘ಬಾಲ್ಜಾನ್ ಯೂತ್ಸ್’ ಎಂಬ ಹೆಸರಿನಲ್ಲಿ ಹುಟ್ಟಿ, ಬಹುಕಾಲ ಕೆಳಗಿನ ದರ್ಜೆಗಳಲ್ಲೇ ಬೆವರು ಸುರಿಸಿತು. 2016ರಲ್ಲಿ ಮೊದಲ ಸಲ ಕಪ್ ಕೈಗೆಟಕುವಷ್ಟು ಹತ್ತಿರ ಬಂತು. ಫೈನಲ್‌ನಲ್ಲಿ ಎದುರಾದದ್ದು ಸ್ಲೀಮಾ. ಕಪ್ ಸ್ಲೀಮಾಕ್ಕೆ 21ನೆಯ ಸಲ ಹೋಯಿತು, ಬಾಲ್ಜಾನ್ ಬರಿಗೈಯಲ್ಲಿ ಮರಳಿತು.

ಮತ್ತೆ ಬಂದದ್ದು 2018–19ರ ಋತು. ಅದು ಶುರುವಾದದ್ದೇ ಒಳ್ಳೆಯ ಶಕುನದಿಂದ. 2018ರ ಬೇಸಿಗೆಯಲ್ಲಿ ಯೂರೋಪಾ ಲೀಗಿನ ಅರ್ಹತಾ ಸುತ್ತಿನಲ್ಲಿ ಸ್ಲೊವಾಕಿಯಾದ ಸ್ಲೋವನ್ ಬ್ರಾತಿಸ್ಲಾವಾದಂಥ ಹೆಸರಾಂತ ತಂಡವನ್ನು ಬಾಲ್ಜಾನ್ ಮಾಲ್ಟಾದಲ್ಲಿ 2–1ರಿಂದ ಸೋಲಿಸಿತ್ತು. ಎದುರಾಳಿಯ ನೆಲದಲ್ಲಿ ಸೋತು ಹೊರಬಿದ್ದರೂ ಹುಡುಗರಲ್ಲಿ ಧೈರ್ಯ ಉಳಿದಿತ್ತು. ಚಳಿಗಾಲದ ಸುತ್ತುಗಳನ್ನು ಒಂದೊಂದಾಗಿ ದಾಟಿ 2019ರ ಮೇ ತಿಂಗಳಲ್ಲಿ ತಂಡ ಫೈನಲ್ ತಲುಪಿತು. ಎದುರಿಗೆ ವಲೆಟ್ಟಾ, ಆ ವರ್ಷದ ಲೀಗ್ ಚಾಂಪಿಯನ್. ವಲೆಟ್ಟಾವನ್ನು ಮಾಲ್ಟಾದವರು ಹೆಸರು ಹಿಡಿದು ಕರೆಯುವುದು ಕಡಿಮೆ. ‘ಇಲ್-ಬೆಲ್ಟ್’, ಅಂದರೆ ‘ಪಟ್ಟಣ’ ಎಂದರೆ ಸಾಕು. 1565ರಲ್ಲಿ ತುರ್ಕರ ಮುತ್ತಿಗೆಯನ್ನು ಹಿಮ್ಮೆಟ್ಟಿಸಿದ ಮರುವರ್ಷ ಕಟ್ಟಲು ತೊಡಗಿದ ಪಟ್ಟಣ ಅದು. ಅದರ ಎದುರು ಒಂದು ಚದರ ಕಿಲೋಮೀಟರಿನ ಹಳ್ಳಿ.

ಹೊತ್ತು ಮುಗಿದರೂ ಇತ್ಯರ್ಥವಾಗಲಿಲ್ಲ. ಹೆಚ್ಚುವರಿ ಆಟದಲ್ಲೂ ಸಮ ಸಮ. ಕೊನೆಗೆ ಪೆನಾಲ್ಟಿ ಒದೆತಗಳೇ ಗತಿಯಾದವು. ಹನ್ನೆರಡು ಗಜ ದೂರದಿಂದ ಒಬ್ಬನೇ ನಿಂತು ಒದೆಯುವ ಆ ಗಳಿಗೆಯಲ್ಲಿ ಊರು ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬಾಲ್ಜಾನ್ ಗೆದ್ದಿತು. ಹುಟ್ಟಿ 82 ವರ್ಷವಾದ ಮೇಲೆ ತಂಡಕ್ಕೆ ಸಿಕ್ಕ ಮೊದಲ ಎಫ್‌.ಎ. ಟ್ರೋಫಿ ಅದು.

ಗೆದ್ದವರಿಲ್ಲದ ಎರಡು ವರ್ಷ

ಮುಂದಿನ ವರ್ಷ ಕಪ್ ಉಳಿಸಿಕೊಳ್ಳುವ ಸರದಿ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಆಟಗಳೆಲ್ಲ ನಿಂತವು. ಲೀಗಿನಲ್ಲಿ ಅದುವರೆಗಿನ ಅಂಕಗಳ ಆಧಾರದ ಮೇಲೆ ಫ್ಲೋರಿಯಾನಾವನ್ನು ಚಾಂಪಿಯನ್ ಎಂದು ಸಾರಬಹುದಾಯಿತು. ಕಪ್‌ನಲ್ಲಿ ಹಾಗೆ ಮಾಡುವುದು ಹೇಗೆ? ಆಡದ ಪಂದ್ಯದ ಅಂಕ ಕೂಡಿಸಲು ಬರುವುದಿಲ್ಲ. ಪಂದ್ಯಾವಳಿ ಅಲ್ಲಿಗೇ ಕೈಬಿಟ್ಟಿತು. 2020–21ರಲ್ಲೂ ಅದೇ ಕತೆ. ಯುದ್ಧಕಾಲದ ನಾಲ್ಕು ವರ್ಷಗಳ ನಂತರ ವಿಜೇತರ ಪಟ್ಟಿಯಲ್ಲಿ ಮತ್ತೆ ಖಾಲಿ ಸಾಲುಗಳು ಮೂಡಿದವು. 2022ರಲ್ಲಿ ಫ್ಲೋರಿಯಾನಾ ತನ್ನ ನೆರೆಯ ವಲೆಟ್ಟಾವನ್ನೇ ಸೋಲಿಸಿ ಕಪ್ ಎತ್ತುವವರೆಗೆ, ಮೂರು ವರ್ಷ ಕಾಲ, ಆ ಪಟ್ಟಿಯ ಕೊನೆಯ ಹೆಸರು ಬಾಲ್ಜಾನ್ ಆಗಿಯೇ ಉಳಿಯಿತು. ದುಃಖದ ಕಾಲ ಒಂದು ಹಳ್ಳಿಗೆ ಹೀಗೊಂದು ವಿಚಿತ್ರ ಗೌರವ ಕೊಟ್ಟಿತು.

ಊರು ಯಾರದು?

ಇಂದಿನ ಮಾಲ್ಟಾದಲ್ಲಿ ಊರಿಗೊಂದು ತಂಡ ಉಳಿಸಿಕೊಳ್ಳುವುದು ಸುಲಭವಲ್ಲ. ಚಹಾದಂಗಡಿಯ ಟೀವಿಯಲ್ಲಿ ಇಂಗ್ಲೆಂಡಿನ, ಇಟಲಿಯ ಪಂದ್ಯಗಳು ಬರುತ್ತವೆ. ತಂದೆ ಇಂಗ್ಲೆಂಡಿನ ಕಡೆ, ಚಿಕ್ಕಪ್ಪ ಇಟಲಿಯ ಕಡೆ ಎಂದು ಒಂದೇ ಮನೆಯಲ್ಲಿ ಎರಡು ಪಕ್ಷವಿರುವುದು ಅಲ್ಲಿ ಮಾಮೂಲು. ಅದರ ಎದುರು ಪಕ್ಕದ ಬೀದಿಯ ಹುಡುಗ ಆಡುವ ಪಂದ್ಯ ಸಪ್ಪೆಯಾಗಿ ಕಾಣುವುದುಂಟು. ಮೇಲಿನ ದರ್ಜೆಯ ತಂಡಗಳಲ್ಲಿ ಬ್ರೆಜಿಲ್, ಆಫ್ರಿಕಾ, ಬಾಲ್ಕನ್ ನಾಡುಗಳಿಂದ ಬಂದ ಸಂಬಳದ ಆಟಗಾರರು ತುಂಬಿದ್ದಾರೆ. ಸ್ಲೀಮಾದಂಥ ಊರಿನಲ್ಲಿ ಹಳೆಯ ಕಲ್ಲುಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳು ಎದ್ದಿವೆ. ‘ನಮ್ಮೂರ ತಂಡ’ ಎಂಬ ಮಾತಿನಲ್ಲಿ ಊರೂ ಬದಲಾಗಿದೆ, ತಂಡವೂ ಬದಲಾಗಿದೆ.

2021ರ ಜನಗಣತಿಯ ಪ್ರಕಾರ ಮಾಲ್ಟಾದ ಜನಸಂಖ್ಯೆ 5 ಲಕ್ಷ 19 ಸಾವಿರ ದಾಟಿತ್ತು. ಅವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಹೊರದೇಶದವರು. ಭಾರತೀಯರೇ ಹಲವು ಸಾವಿರ. ಅಂದರೆ ಒಂದು ಊರಿನ ಮಕ್ಕಳೆಲ್ಲ ಅದೇ ಊರಿನಲ್ಲಿ ಹುಟ್ಟಿದ ಅಜ್ಜ ಅಜ್ಜಿಯರ ಮೊಮ್ಮಕ್ಕಳಾಗಿರುವ ಕಾಲ ಮುಗಿದಿದೆ. ಇದನ್ನು ಕಂಡು ಮರುಗುವ ಹಿರಿಯರಿದ್ದಾರೆ.

ಆದರೆ ಉತ್ತರವೂ ಅದೇ ಅಂಗಳದಲ್ಲಿದೆ. ಮಾಲ್ಟಾದ ತಂಡಗಳು ಮಕ್ಕಳಿಗಾಗಿ ನಡೆಸುವ ತರಬೇತಿ ಶಾಲೆಗಳಿಗೆ ‘ನರ್ಸರಿ’ ಎಂದೇ ಹೆಸರು. ಸಸಿ ಬೆಳೆಸುವ ಜಾಗ. ಶಾಲೆ ಬಿಟ್ಟ ಮೇಲೆ ಚೀಲ ಮನೆಯಲ್ಲಿಟ್ಟು ಮಕ್ಕಳು ಅಲ್ಲಿಗೆ ಬರುತ್ತಾರೆ, ತಂದೆ ತಾಯಿ ಅಂಚಿನಲ್ಲಿ ನಿಂತು ನೋಡುತ್ತಾರೆ. ದಂಡಿನವರ ಆಟವನ್ನು ನೂರಮೂವತ್ತು ವರ್ಷದ ಹಿಂದೆ ಊರ ಹುಡುಗರು ನಿಂತು ನೋಡಿದ್ದೂ ಹೀಗೆಯೇ. ಅಂದು ಆಟ ಹೊರಗಿನಿಂದ ಬಂದು ಊರಿನದಾಯಿತು. ಇಂದು ಹೊರಗಿನಿಂದ ಬಂದವರ ಮಕ್ಕಳು ಅದೇ ಆಟದಿಂದ ಊರಿನವರಾಗಬಹುದು. ಅಂಗಿಯ ಬಣ್ಣ ತೊಟ್ಟ ಮೇಲೆ ಅಜ್ಜನ ಊರು ಯಾವುದೆಂದು ಕೇಳುವ ಪದ್ಧತಿ ಚೆಂಡಿಗಿಲ್ಲ.

ಇಮ್ದೀನಾದ ಗೋಡೆಯ ಮೇಲೆ ಸಂಜೆ ಇಳಿಯುತ್ತಿದ್ದಂತೆ ಕೆಳಗಿನ ಬಯಲಿನಲ್ಲಿ ದೀಪಗಳು ಹತ್ತಿಕೊಳ್ಳುತ್ತವೆ. ಸುಮಾರು 17 ಸಾವಿರ ಜನ ಕೂರಬಹುದಾದ ಆ ಕ್ರೀಡಾಂಗಣದಲ್ಲಿ ಬಾಲ್ಜಾನ್ ಊರಿನ ಅಷ್ಟೂ ಜನ ಬಂದು ಕುಳಿತರೂ ಮುಕ್ಕಾಲುಭಾಗದಷ್ಟು ಜಾಗ ಖಾಲಿಯೇ ಉಳಿಯುತ್ತದೆ. ಆದರೂ 2019ರ ಸಾಲಿನ ಎದುರು ಬರೆದಿರುವುದು ಆ ಊರಿನ ಹೆಸರನ್ನೇ. ಪ್ರತಿ ವರ್ಷ ಚೀಟಿ ಎತ್ತುವಾಗ ದೊಡ್ಡ ಊರಿಗೆ ಎಷ್ಟು ಚೀಟಿಯೋ ಚಿಕ್ಕ ಊರಿಗೂ ಅಷ್ಟೇ, ಒಂದು.